ಬಿಟ್ಟುಕೊಡಲು ಬಾರದ ಪಟ್ಟ: ಬಾಕ್ಸಿಂಗಿನಲ್ಲಿ ಹಳೆಯ ಚಾಂಪಿಯನ್ ಹೊಸಬನಿಗೆ ಸೋಲುವುದು ಹೇಗೆ, ಯಾಕೆ?

2024ರ ನವೆಂಬರ್ 16, ಶನಿವಾರ ಬೆಳಗ್ಗೆ. ಬಾಕ್ಸಿಂಗಿನ ಗಂಧಗಾಳಿ ಇಲ್ಲದವರ ಮೊಬೈಲಿನಲ್ಲೂ ಅವತ್ತು ಮೈಕ್ ಟೈಸನ್ ಇದ್ದ. ಅಮೆರಿಕದ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್ನಿನಲ್ಲಿ ಆಗ ಇನ್ನೂ ಶುಕ್ರವಾರ ರಾತ್ರಿ. 58 ವರ್ಷದ ಮಾಜಿ ಚಾಂಪಿಯನ್ ಟೈಸನ್ ಎದುರು 27ರ ಜೇಕ್ ಪಾಲ್, ಯೂಟ್ಯೂಬಿನಿಂದ ರಿಂಗಿಗೆ ಬಂದ ಹುಡುಗ. ಮೊದಲ ಸುತ್ತಿನಲ್ಲಿ ಹಳೆಯ ಟೈಸನ್ ಒಂದಿಷ್ಟು ಕಂಡಂತಾಯಿತು. ಆಮೇಲೆ ಕಾಲು ಮಾತು ಕೇಳಲಿಲ್ಲ. ಎಂಟು ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ ಪಾಲ್ ಗೆದ್ದ ಅಂದರು.

ನೋಡಿದವರೆಲ್ಲ ಕೇಳಿದ್ದು ಒಂದೇ: ಈ ವಯಸ್ಸಿನಲ್ಲಿ ಇವನಿಗೆ ಇದೆಲ್ಲ ಯಾಕೆ ಬೇಕಿತ್ತು?

ಆ ಪಂದ್ಯದಲ್ಲಿ ಯಾವ ಪಟ್ಟವೂ ಪಣಕ್ಕಿರಲಿಲ್ಲ. ಸುತ್ತುಗಳು ಮೂರು ನಿಮಿಷದ ಬದಲು ಎರಡೇ ನಿಮಿಷ, ಗ್ಲೌಸೂ ಮಾಮೂಲಿಗಿಂತ ದಪ್ಪ. ಹಾಗಾಗಿ ಅದನ್ನು ಅಧಿಕಾರ ಹಸ್ತಾಂತರ ಅನ್ನುವಂತಿಲ್ಲ, ಅದರ ನೆರಳು ಅನ್ನಬಹುದು. ನಿಜವಾದ ಹಸ್ತಾಂತರದ ಕಾಳಗಗಳು ನೂರು ವರ್ಷಕ್ಕೂ ಹಿಂದಿನಿಂದ ನಡೆದುಕೊಂಡು ಬಂದಿವೆ. ಅವುಗಳ ಒಳಗಿನ ಲೆಕ್ಕ ಗೊತ್ತಾದರೆ ‘ಯಾಕೆ ಬೇಕಿತ್ತು’ ಅನ್ನುವ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಗುತ್ತದೆ.

ಪಟ್ಟ ಯಾರ ಕೈಯಲ್ಲಿರುತ್ತದೆ?

ಕ್ರಿಕೆಟಿನಲ್ಲಿ ಆಟಗಾರನಿಗೆ ವಯಸ್ಸಾಯಿತು ಅಂತ ಹೇಳಲು ಆಯ್ಕೆ ಸಮಿತಿ ಇದೆ. ಟೆನಿಸಿನಲ್ಲಿ ರ‍್ಯಾಂಕಿಂಗ್ ಇದೆ. ಆಡದಿದ್ದರೆ, ಸೋಲುತ್ತ ಹೋದರೆ ಹೆಸರು ತಾನಾಗಿ ಕೆಳಗಿಳಿಯುತ್ತದೆ. ವೃತ್ತಿಪರ ಬಾಕ್ಸಿಂಗ್ ಹಾಗಲ್ಲ. ಅಲ್ಲಿ ಚಾಂಪಿಯನ್ ಪಟ್ಟ ಒಬ್ಬ ಮನುಷ್ಯನ ಸೊತ್ತಿನ ಹಾಗೆ. ರಿಂಗಿನಲ್ಲಿ ಇನ್ನೊಬ್ಬ ಅವನನ್ನು ಸೋಲಿಸುವವರೆಗೆ ಅದು ಸಾಮಾನ್ಯವಾಗಿ ಅವನದೇ. ಪಟ್ಟ ಇಟ್ಟುಕೊಂಡವನು ಚಾಂಪಿಯನ್, ಅದನ್ನು ಕೇಳಿಕೊಂಡು ಬಂದವನು ಚಾಲೆಂಜರ್, ಚಾಂಪಿಯನ್ ಗೆದ್ದು ಉಳಿಸಿಕೊಂಡರೆ ಅದು ಒಂದು ‘ಡಿಫೆನ್ಸ್’. ಪಂದ್ಯ ಸಮವಾದರೂ ಪಟ್ಟ ಕದಲುವುದಿಲ್ಲ.

ಪಟ್ಟ ಕೊಡುವ ಸಂಸ್ಥೆಗಳು ಇವತ್ತು ಮುಖ್ಯವಾಗಿ ನಾಲ್ಕು: ಡಬ್ಲ್ಯೂಬಿಎ, ಡಬ್ಲ್ಯೂಬಿಸಿ, ಐಬಿಎಫ್, ಡಬ್ಲ್ಯೂಬಿಒ. ಪ್ರತಿಯೊಂದಕ್ಕೂ ಅದರದೇ ಬೆಲ್ಟು. ಒಂದೇ ತೂಕದ ವಿಭಾಗದಲ್ಲಿ ನಾಲ್ವರು ಚಾಂಪಿಯನ್ನರು ಇರಬಹುದು. ಇದು ತಲೆಕೆಡಿಸುವ ವ್ಯವಸ್ಥೆ, ಅದಕ್ಕೇ ಅಭಿಮಾನಿಗಳು ತಮ್ಮದೇ ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಅದು ವಂಶಾವಳಿಯ ಲೆಕ್ಕ. ಚಾಂಪಿಯನ್ನನನ್ನು ಸೋಲಿಸಿದವನೇ ಚಾಂಪಿಯನ್, ಅವನನ್ನು ಸೋಲಿಸಿದವನು ಮುಂದಿನವನು, ಅಷ್ಟೇ. ಈ ಲೆಕ್ಕಕ್ಕೆ ಕಚೇರಿ ಇಲ್ಲ, ಬೆಲ್ಟಿಲ್ಲ. ಆದರೂ ಬೆಲೆ ಹೆಚ್ಚು.

1949ರ ಮಾರ್ಚಿನಲ್ಲಿ ಹೆವಿವೇಟ್, ಅಂದರೆ ಅತಿ ಭಾರದ ವಿಭಾಗದ, ಚಾಂಪಿಯನ್ ಜೋ ಲೂಯಿಸ್ ನಿವೃತ್ತನಾದ. ಖಾಲಿ ಪಟ್ಟಕ್ಕಾಗಿ ನಡೆದ ಕಾಳಗದಲ್ಲಿ ಎಜರ್ಡ್ ಚಾರ್ಲ್ಸ್ ಗೆದ್ದ. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು, ಆದರೆ ಜನ ಒಪ್ಪಲಿಲ್ಲ. ಲೂಯಿಸ್‌ನನ್ನು ಸೋಲಿಸದವನು ಚಾಂಪಿಯನ್ ಹೇಗಾದಾನು? ಮರುವರ್ಷ ಲೂಯಿಸ್ ಮತ್ತೆ ರಿಂಗಿಗೆ ಬಂದು ಚಾರ್ಲ್ಸ್ ಎದುರು ಹದಿನೈದು ಸುತ್ತು ಪೆಟ್ಟು ತಿಂದು ಸೋತ. ಅವತ್ತಿನಿಂದ ಚಾರ್ಲ್ಸ್ ‘ನಿಜವಾದ’ ಚಾಂಪಿಯನ್ ಆದ.

ಹೊಸಬನಿಗೆ ಹಳಬ ಬೇಕೇ ಬೇಕಾಗುವುದು ಇದಕ್ಕೇ. ಗರಡಿ ಮನೆಯಲ್ಲಿ ಊರಿನ ದೊಡ್ಡ ಪೈಲ್ವಾನನ ಬೆನ್ನಿಗೆ ಮಣ್ಣು ಹಚ್ಚದೆ ಹುಡುಗನಿಗೆ ಹೆಸರು ಬರುವುದಿಲ್ಲವಲ್ಲ, ಹಾಗೆ. ಜೊತೆಗೆ ಟಿಕೆಟ್ ಮಾರುವವರ ಲೆಕ್ಕವೂ ಸೇರುತ್ತದೆ. ಹುಡುಗ ಎಷ್ಟೇ ಗಟ್ಟಿಗನಾದರೂ ಹೆಸರು ಇರುವುದು ಹಳಬನದು, ಜನ ದುಡ್ಡು ಕೊಡುವುದು ಹೆಸರಿಗೆ.

ಮೊದಲು ಹೋಗುವುದು ಕಾಲು, ಕೊನೆಗೆ ಹೋಗುವುದು ಗುದ್ದು

ಮುಪ್ಪು ಬಾಕ್ಸರನ ಮೈಯಲ್ಲಿ ಯಾವ ದಾರಿಯಿಂದ ಬರುತ್ತದೆ ಅನ್ನುವುದು ಈ ಕಾಳಗಗಳ ಮುಕ್ಕಾಲು ಪಾಲು ಕಥೆ.

ಕಣ್ಣಿಗೆ ಏನೋ ಕಂಡು ಕೈ ಅಲ್ಲಾಡಲು ಸಾಮಾನ್ಯ ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಒಳ್ಳೆಯ ಬಾಕ್ಸರನ ಗುದ್ದು ಅಷ್ಟರಲ್ಲಿ ಮುಖಕ್ಕೆ ಬಂದು ಮುಟ್ಟಿರುತ್ತದೆ. ಹಾಗಾಗಿ ಯಾರೂ ಗುದ್ದನ್ನು ನೋಡಿ ತಪ್ಪಿಸಿಕೊಳ್ಳುವುದಿಲ್ಲ. ಎದುರಾಳಿಯ ಭುಜ ಎತ್ತ ವಾಲಿತು, ಹಿಮ್ಮಡಿ ಎದ್ದಿತೇ, ಉಸಿರು ಬಿಗಿಯಾಯಿತೇ ಎಂಬುದನ್ನು ಓದಿ ಮೊದಲೇ ಜಾಗ ಖಾಲಿ ಮಾಡುತ್ತಾರೆ. ಈ ಓದುವ ವಿದ್ಯೆ ವಯಸ್ಸಾದಷ್ಟೂ ಚುರುಕಾಗುತ್ತದೆ. ಕುಂದುವುದು ಓದಿದ್ದನ್ನು ನಡೆಸಿಕೊಡುವ ಮೈ. ವೇಗವಾಗಿ ಸಂಕುಚಿಸುವ ಸ್ನಾಯುತಂತುಗಳು ವಯಸ್ಸಿನೊಂದಿಗೆ ಸೊರಗುತ್ತವೆ. ಮೊಣಕಾಲು, ಸೊಂಟ ಬಿಗಿಯಾಗುತ್ತವೆ. ಗುದ್ದು ಬರುತ್ತಿರುವುದು ಹಳಬನಿಗೆ ಗೊತ್ತಾಗುತ್ತದೆ. ಆದರೂ ತಗಲುತ್ತದೆ.

ನಮಗೆ ಪರಿಚಯದ ಹೋಲಿಕೆ ಬೇಕೆಂದರೆ, 2011-12ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ರಾಹುಲ್ ದ್ರಾವಿಡ್ ಮತ್ತೆ ಮತ್ತೆ ಬೌಲ್ಡ್ ಆದದ್ದನ್ನು ನೆನೆಯಿರಿ. ‘ಗೋಡೆ’ ಅನ್ನಿಸಿಕೊಂಡವರ ಬ್ಯಾಟು ಮತ್ತು ಪ್ಯಾಡಿನ ನಡುವೆ ಚೆಂಡು ನುಸುಳುತ್ತಿತ್ತು. ತಂತ್ರ ಮರೆತಿರಲಿಲ್ಲ, ಕೂದಲೆಳೆಯಷ್ಟು ತಡವಾಗುತ್ತಿತ್ತು. 2012ರ ಮಾರ್ಚಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕುಳಿತು ನಿವೃತ್ತಿ ಹೇಳಿದರು. ಕ್ರಿಕೆಟಿನಲ್ಲಿ ಆ ತಡಕ್ಕೆ ಬೆಲೆ ಒಂದು ವಿಕೆಟ್. ಬಾಕ್ಸಿಂಗಿನಲ್ಲಿ ಬೆಲೆ ತೆರುವುದು ತಲೆ.

ಮುಪ್ಪಿನ ಇನ್ನೊಂದು ಗುರುತು ಕೈ ಕಟ್ಟಿಹೋಗುವುದು. 2015ರ ನವೆಂಬರ್ 28ರಂದು ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ 39 ವರ್ಷದ ವ್ಲಾಡಿಮಿರ್ ಕ್ಲಿಚ್ಕೊ, 27ರ ಟೈಸನ್ ಫ್ಯೂರಿ ಎದುರು ನಿಂತ. ಹೆಚ್ಚುಕಡಿಮೆ ಹತ್ತು ವರ್ಷ ಹೆವಿವೇಟ್ ಆಳಿದವನು. ಪೂರ್ತಿ 36 ನಿಮಿಷದ ಕಾಳಗದಲ್ಲಿ ಅವನು ಬೀಸಿದ್ದು 231 ಗುದ್ದು, ತಾಗಿದ್ದು 52. ನಿಮಿಷಕ್ಕೆ ಎರಡೂ ಇಲ್ಲ. ಸಂದು ಕಾಣುತ್ತದೆ, ಹೊಡೆಯಲು ಮನಸ್ಸು ಮಾಡುವಷ್ಟರಲ್ಲಿ ಸಂದು ಮುಚ್ಚಿಹೋಗುತ್ತದೆ. ಬಸ್ ಹತ್ತಲು ಓಡಿ ಮೆಟ್ಟಿಲ ಹತ್ತಿರ ಅನುಮಾನಿಸಿ ನಿಂತವನ ಪಾಡು ಅದು.

ಹಾಗಾದರೆ ಕೊನೆಯವರೆಗೆ ಉಳಿಯುವುದೇನು? ಗುದ್ದಿನ ತೂಕ. ಬಾಕ್ಸಿಂಗಿನವರು ತಲೆಮಾರುಗಳಿಂದ ಹೇಳುವ ಮಾತಿದು. ಅದನ್ನು ರುಜುವಾತು ಮಾಡಿದವನು ಜಾರ್ಜ್ ಫೋರ್‌ಮನ್. 1994ರ ನವೆಂಬರ್ 5ರಂದು ಅವನಿಗೆ 45 ವರ್ಷ, ಚಾಂಪಿಯನ್ ಮೈಕಲ್ ಮೂರರ್‌ಗೆ 26. ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಚೀಟಿಯಲ್ಲೂ ಫೋರ್‌ಮನ್ ಹಿಂದಿದ್ದ. ಹತ್ತನೆಯದರಲ್ಲಿ ಒಂದು ಬಲಗೈ ಗುದ್ದು, ಮೂರರ್ ಅಂಗಾತ. ಇಪ್ಪತ್ತು ವರ್ಷದ ಹಿಂದೆ ಮುಹಮ್ಮದ್ ಅಲಿಗೆ ಸೋತ ದಿನ ತೊಟ್ಟಿದ್ದ ಚಡ್ಡಿಯನ್ನೇ ಫೋರ್‌ಮನ್ ಅವತ್ತೂ ತೊಟ್ಟಿದ್ದ. ಹಳಬರಿಗೆಲ್ಲ ಈ ಕಥೆ ಬಾಯಿಪಾಠ, ಅವರನ್ನು ಮತ್ತೆ ಮತ್ತೆ ರಿಂಗಿಗೆ ಎಳೆದು ತರುವುದರಲ್ಲಿ ಇಂಥ ಕಥೆಗಳ ಪಾಲೂ ಇದೆ ಅಂತ ನನ್ನ ಗುಮಾನಿ.

1951: ಅಭಿಮಾನಿಯೇ ಎದುರಾಳಿ

ಜೋ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್. 25 ಬಾರಿ ಪಟ್ಟ ಉಳಿಸಿಕೊಂಡ. ಕರಿಯರಿಗೆ ಹಲವು ಹೋಟೆಲುಗಳಲ್ಲಿ ಪ್ರವೇಶವೇ ಇಲ್ಲದ ಅಮೆರಿಕದಲ್ಲಿ ಬಿಳಿಯರೂ ‘ನಮ್ಮವ’ ಎಂದು ಒಪ್ಪಿಕೊಂಡ ಕರಿಯ ಚಾಂಪಿಯನ್. ಯುದ್ಧದ ಕಾಲದಲ್ಲಿ, 1942ರಲ್ಲಿ, ಎರಡು ಕಾಳಗಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟುಬಿಟ್ಟ. ಆಮೇಲೆ ತೆರಿಗೆ ಇಲಾಖೆ ಆ ಹಣಕ್ಕೂ ಲೆಕ್ಕ ಕೇಳಿತು. ಕೈ ಬಿಚ್ಚಿ ಖರ್ಚು ಮಾಡುವ ಸ್ವಭಾವ, ಬಡ್ಡಿ, ದಂಡ ಎಲ್ಲ ಸೇರಿ ಸಾಲ ಬೆಟ್ಟವಾಯಿತು. ದುಡಿಯಲು ಗೊತ್ತಿದ್ದ ಕಸುಬು ಒಂದೇ.

1951ರ ಅಕ್ಟೋಬರ್ 26, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಲೂಯಿಸ್‌ಗೆ 37. ಎದುರಿಗೆ ರಾಕಿ ಮಾರ್ಸಿಯಾನೊ, 28 ವರ್ಷ, ಅದುವರೆಗೆ ಒಂದೂ ಸೋಲಿಲ್ಲ. ಹುಡುಗನಾಗಿದ್ದಾಗ ಅವನ ಹೀರೊ ಇದೇ ಲೂಯಿಸ್. ಪಂದ್ಯದಲ್ಲಿ ಲೂಯಿಸ್‌ನ ಎಡಗೈ ಜ್ಯಾಬ್ ಚೆನ್ನಾಗಿಯೇ ಓಡಾಡಿತು. ಜ್ಯಾಬ್ ಅಂದರೆ ಮುಂದಿರುವ ಕೈಯನ್ನು ನೇರ ಚಾಚಿ ಕೊಡುವ ಚುರುಕು ಗುದ್ದು. ಎದುರಾಳಿಯನ್ನು ದೂರ ಇಡಲಿಕ್ಕೂ ಅಂದಾಜು ಹಿಡಿಯಲಿಕ್ಕೂ ಅದು ಬೇಕು. ಆದರೆ ಜ್ಯಾಬಿನ ಹಿಂದೆ ಬರಬೇಕಾದ ಬಲಗೈ ಬರಲೇ ಇಲ್ಲ. ಎಂಟನೆಯ ಸುತ್ತಿನಲ್ಲಿ ಮಾರ್ಸಿಯಾನೊ ಹೊಡೆತಕ್ಕೆ ಲೂಯಿಸ್ ಹಗ್ಗಗಳ ನಡುವಿನಿಂದ ರಿಂಗಿನ ಹೊರ ಅಂಚಿಗೆ ಬಿದ್ದ. ರೆಫರಿ ಎಣಿಸುವುದನ್ನು ಬಿಟ್ಟು ಪಂದ್ಯ ನಿಲ್ಲಿಸಿದ. ಗೆದ್ದವನು ಸೋತವನ ಕೋಣೆಗೆ ಹೋಗಿ ಅತ್ತ.

ನಿಜ ಹೇಳಬೇಕೆಂದರೆ ಅವತ್ತು ಲೂಯಿಸ್ ಚಾಂಪಿಯನ್ ಆಗಿರಲಿಲ್ಲ, ಪಟ್ಟ ಜೆರ್ಸಿ ಜೋ ವಾಲ್ಕಾಟ್ ಬಳಿ ಇತ್ತು. ಮಾರ್ಸಿಯಾನೊ ಅದನ್ನು ಗೆದ್ದದ್ದು ಮರುವರ್ಷ. ಆದರೂ ಜನರ ನೆನಪಿನಲ್ಲಿ ಯುಗ ಬದಲಾದದ್ದು ಈ ರಾತ್ರಿಯೇ. ಕಾಗದದ ಮೇಲಿನ ಪಟ್ಟ ಒಂದು ದಿನ, ಜನರ ಮನಸ್ಸಿನ ಪಟ್ಟ ಇನ್ನೊಂದು ದಿನ ಕೈ ಬದಲಾಗುವುದು ಈ ಆಟದಲ್ಲಿ ಹೊಸದೇನಲ್ಲ.

1980: ತಾಲೀಮಿನ ಹುಡುಗ

ಇಂಥ ಕಾಳಗಗಳಲ್ಲೆಲ್ಲ ಹೆಚ್ಚು ನೋವು ಉಳಿಸಿಹೋದದ್ದು ಮುಹಮ್ಮದ್ ಅಲಿ ಮತ್ತು ಲ್ಯಾರಿ ಹೋಮ್ಸ್ ನಡುವಿನದು. 1980ರ ಅಕ್ಟೋಬರ್ 2, ಲಾಸ್ ವೇಗಸ್, ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ ಕಟ್ಟಿದ ತಾತ್ಕಾಲಿಕ ಕ್ರೀಡಾಂಗಣ.

ಅಲಿ ಹೇಗೆ ಅಲ್ಲಿಗೆ ಬಂದ ಎಂದು ತಿಳಿಯಲು ಅವನ ಶೈಲಿ ತಿಳಿಯಬೇಕು. ತರುಣ ಅಲಿ ಕೈಗಳನ್ನು ಸೊಂಟದ ಬಳಿ ಇಳಿಬಿಟ್ಟು ಕುಣಿಯುತ್ತಿದ್ದ. ಗುದ್ದು ಬಂದಾಗ ಕೈ ಎತ್ತಿ ತಡೆಯುವ ಬದಲು ಸೊಂಟದಿಂದ ಹಿಂದಕ್ಕೆ ವಾಲುತ್ತಿದ್ದ. ಗುದ್ದು ಮೂಗಿನ ಮುಂದೆ ಒಂದು ಬೆರಳ ಅಂತರದಲ್ಲಿ ನಿಲ್ಲುತ್ತಿತ್ತು. ಯಾವ ಗುರುವೂ ಇದನ್ನು ಕಲಿಸುವುದಿಲ್ಲ. ಅಂಥ ಕಾಲು, ಅಂಥ ಕಣ್ಣು ಇದ್ದವನಿಗೆ ಮಾತ್ರ ಒಗ್ಗುವ ಐಷಾರಾಮ ಅದು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರಲು ಒಪ್ಪದ ಕಾರಣ ಪಟ್ಟ ಕಿತ್ತುಕೊಂಡರು, ಮೂರೂವರೆ ವರ್ಷ ರಿಂಗಿನಿಂದ ದೂರವಿಟ್ಟರು. ಮರಳಿ ಬಂದಾಗ ಕಾಲಿನಲ್ಲಿ ಆ ಮೊದಲಿನ ಹುರುಪು ಇರಲಿಲ್ಲ. ಆಗ ಅವನಿಗೆ ಇನ್ನೊಂದು ಶಕ್ತಿ ಕೈಗೆ ಹತ್ತಿತು: ಏಟು ತಿಂದೂ ಬೀಳದಿರುವುದು. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೊರಗಿ ಫೋರ್‌ಮನ್ ಗುದ್ದಿ ಗುದ್ದಿ ಸುಸ್ತಾಗುವವರೆಗೆ ಕಾದದ್ದು, 1975ರಲ್ಲಿ ಮನಿಲಾದಲ್ಲಿ ಜೋ ಫ್ರೇಜರ್ ಎದುರು ಹದಿನಾಲ್ಕು ಸುತ್ತು ನಿಂತದ್ದು ಇದೇ ಬಲದಿಂದ. ನಾವು ಅಲಿಯ ಮಹಾನ್ ಗೆಲುವುಗಳೆಂದು ಹಾಡಿ ಹೊಗಳುವ ಕಾಳಗಗಳೇ ಅವನ ಮೈಯನ್ನು ತಿಂದವು.

1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಹದಿನೈದು ಸುತ್ತುಗಳ ಬಳಿಕ ಅಲಿಯ ವೈದ್ಯ ಫರ್ಡಿ ಪಚೆಕೊ ನಿಲ್ಲಿಸು ಎಂದ. ಮೂತ್ರಪಿಂಡಗಳ ಸ್ಥಿತಿ ಅವನನ್ನು ಹೆದರಿಸಿತ್ತು. ಅಲಿ ಕೇಳಲಿಲ್ಲ, ಪಚೆಕೊ ತಂಡ ಬಿಟ್ಟುಹೋದ. 1978ರಲ್ಲಿ ಬರೀ ಏಳು ವೃತ್ತಿಪರ ಪಂದ್ಯ ಆಡಿದ್ದ ಲಿಯಾನ್ ಸ್ಪಿಂಕ್ಸ್‌ಗೆ ಸೋತು, ಏಳು ತಿಂಗಳ ಬಳಿಕ ಅವನಿಂದಲೇ ಪಟ್ಟ ಮರಳಿ ಪಡೆದು, 1979ರಲ್ಲಿ ಅಲಿ ನಿವೃತ್ತಿ ಹೇಳಿದ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು ಎನ್ನುವುದು ಸುಲಭ. ಒಂದು ವರ್ಷದೊಳಗೆ ಎಂಟು ಮಿಲಿಯನ್ ಡಾಲರಿನ ಕರೆ ಬಂತು.

ಕರೆ ಹೋಮ್ಸ್ ಎದುರಿನ ಪಂದ್ಯಕ್ಕೆ. ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಹೋಮ್ಸ್, ಹಿಂದೆ ಅಲಿಯ ಡಿಯರ್ ಲೇಕ್ ಶಿಬಿರದಲ್ಲಿ ಸ್ಪಾರಿಂಗ್ ಜೋಡಿಯಾಗಿದ್ದವನು, ಅಂದರೆ ಕೂಲಿ ಪಡೆದು ತಾಲೀಮಿಗೆ ಮೈ ಒಡ್ಡುವವನು. ಒಮ್ಮೆ ಅಲಿಯ ಏಟಿಗೆ ಅವನ ಕಣ್ಣು ಕಪ್ಪಿಟ್ಟಿತು. ಮಂಜುಗಡ್ಡೆ ಇಡಲು ಬಂದವರನ್ನು ಬೇಡ ಅಂದ. ಅಲಿ ಹೊಡೆದ ಗುರುತು, ಊರಿಗೆ ಹೋಗಿ ತೋರಿಸಬೇಕಿತ್ತು. ಆ ಹುಡುಗ ಈಗ 30 ವರ್ಷದ ಡಬ್ಲ್ಯೂಬಿಸಿ ಚಾಂಪಿಯನ್, ಬಹುಶಃ ಆ ಕಾಲದ ಅತ್ಯುತ್ತಮ ಜ್ಯಾಬಿನ ಒಡೆಯ. ಅಲಿಗೆ 38.

ಪಂದ್ಯಕ್ಕೆ ಮೊದಲು ಅಲಿಯನ್ನು ಮೇಯೊ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿಸಿದರು. ಒಂಟಿಕಾಲಲ್ಲಿ ಕುಪ್ಪಳಿಸುವುದರಲ್ಲಿ ಇರಬೇಕಾದಷ್ಟು ಚುರುಕಿಲ್ಲ, ಬೆರಳಿನಿಂದ ಮೂಗು ಮುಟ್ಟುವಾಗ ಗುರಿ ತುಸು ತಪ್ಪುತ್ತದೆ ಎಂದು ವರದಿಯಲ್ಲಿತ್ತು. ಕುಣಿದೇ ಜಗತ್ತನ್ನು ಗೆದ್ದವನ ಬಗ್ಗೆ ಬರೆದ ಮಾತು ಅದು. ಪರವಾನಗಿ ಸಿಕ್ಕಿತು. ತೂಕ ಇಳಿಸಲು ಅಲಿ ಥೈರಾಯ್ಡ್ ಮಾತ್ರೆ ನುಂಗಿದ, ನರೆತ ಕೂದಲಿಗೆ ಕಪ್ಪು ಬಳಿದುಕೊಂಡ. ರಿಂಗಿಗೆ ಬಂದಾಗ ತೂಕ ಸುಮಾರು 98 ಕಿಲೊ, ಫೋರ್‌ಮನ್‌ನನ್ನು ಕೆಡವಿದ ದಿನ ಇದ್ದಷ್ಟೇ. ನೋಡಿದವರು ಆರು ವರ್ಷ ಹಿಂದಿನ ಅಲಿ ಬಂದ ಅಂದುಕೊಂಡರು. ಒಳಗೆ ಮಾತ್ರೆಗಳು ಅವನ ತ್ರಾಣವನ್ನು ಹಿಂಡಿದ್ದವು. ಗೋಡೆಗೆ ಸುಣ್ಣ ಬಳಿದಿತ್ತು, ಗೆದ್ದಲು ತೊಲೆಯಲ್ಲಿತ್ತು.

ಆಮೇಲೆ ನಡೆದದ್ದನ್ನು ಕಾಳಗ ಎನ್ನುವುದು ಕಷ್ಟ. ಹೋಮ್ಸ್‌ನ ಜ್ಯಾಬ್ ಬಂದಾಗ ಅಲಿ ಹಳೆಯ ರೂಢಿಯಂತೆ ಹಿಂದಕ್ಕೆ ವಾಲುತ್ತಿದ್ದ. ಆದರೆ ಆ ಒಂದು ಬೆರಳ ಅಂತರ ಈಗ ಉಳಿದಿರಲಿಲ್ಲ. ತೀರ್ಪುಗಾರರು ಪ್ರತಿ ಸುತ್ತನ್ನೂ ಹೋಮ್ಸ್‌ಗೇ ಕೊಟ್ಟರು. (ಸುತ್ತು ಗೆದ್ದವನಿಗೆ 10 ಅಂಕ, ಸೋತವನಿಗೆ ಸಾಮಾನ್ಯವಾಗಿ 9, ಕೊನೆಗೆ ಕೂಡಿಸಿ ನೋಡುತ್ತಾರೆ. ಕೂಡಿಸುವ ಪ್ರಮೇಯ ಇಲ್ಲಿ ಬರಲಿಲ್ಲ.) ಹೋಮ್ಸ್ ಹೊಡೆಯುವುದನ್ನು ತಡೆದು ರೆಫರಿಯತ್ತ ನೋಡಿದ, ನಿಲ್ಲಿಸಿ ಎಂಬಂತೆ. ಹತ್ತನೆಯ ಸುತ್ತಿನ ಬಳಿಕ ಅಲಿಯ ತರಬೇತುದಾರ ಆಂಜೆಲೊ ಡಂಡೀ ಸಾಕು ಅಂದ. ಅಲಿಯ ನೆರಳಿನಂತಿದ್ದ ಬಂಡಿನಿ ಬ್ರೌನ್ ಇನ್ನೊಂದು ಸುತ್ತು ಎಂದು ಗೋಗರೆದ. ಡಂಡೀ ಕೇಳಲಿಲ್ಲ. 61 ಪಂದ್ಯಗಳ ಬದುಕಿನಲ್ಲಿ ಅಲಿ ನಿಗದಿತ ಸುತ್ತುಗಳನ್ನು ಮುಗಿಸದೆ ಸೋತದ್ದು ಇದೊಂದೇ ಸಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಇಲ್ಲಿ ತಿರುಗಾಮುರುಗಾ: ಅಲಿ ಬೀಳಲೇ ಇಲ್ಲ, ಸ್ಟೂಲಿನ ಮೇಲೆ ಕುಳಿತೇ ಇದ್ದ. ಗೆದ್ದ ಹೋಮ್ಸ್ ಕಣ್ಣೀರು ಹಾಕಿದ.

ಇಷ್ಟಾದರೂ ಮುಗಿಯಲಿಲ್ಲ. 1981ರ ಡಿಸೆಂಬರಿನಲ್ಲಿ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎಂಬವನಿಗೆ ಇನ್ನೊಮ್ಮೆ ಸೋತು ಅಲಿ ಗ್ಲೌಸ್ ಕಳಚಿದ. 1984ರಲ್ಲಿ ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದರು. ಆ ಕಾಯಿಲೆಯಲ್ಲಿ ಏಟುಗಳ ಪಾಲು ಎಷ್ಟು ಎಂಬುದರ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಆದರೆ ತಲೆಗೆ ಮೇಲಿಂದ ಮೇಲೆ ಬೀಳುವ ಏಟು ಬಾಕ್ಸರರ ಮಾತು, ನಡಿಗೆ, ನೆನಪನ್ನು ಕೆಡಿಸುತ್ತದೆ ಎಂದು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ 1928ರಲ್ಲೇ ಬರೆದಿದ್ದ.

ನಿಲ್ಲಿಸುವವರು ಯಾರು?

ಕಾಳಗ ನಡೆಯುವಾಗ ಅದನ್ನು ನಿಲ್ಲಿಸಬಲ್ಲವರು ಬೆರಳೆಣಿಕೆಯ ಜನ. ರೆಫರಿ ನಿಲ್ಲಿಸಬಹುದು. ವೈದ್ಯರ ಸಲಹೆ ಕೇಳಿ ನಿಲ್ಲಿಸಬಹುದು. ‘ಕಾರ್ನರ್’ ಅಂದರೆ ಬಾಕ್ಸರನ ಮೂಲೆಯಲ್ಲಿರುವ ತರಬೇತುದಾರನ ತಂಡ, ಅದು ಸೋಲೊಪ್ಪಿಕೊಳ್ಳಬಹುದು. ಬಾಕ್ಸರನೇ ಸಾಕು ಅನ್ನಬಹುದು, ಆದರೆ ಚಾಂಪಿಯನ್ ಆದವನ ಬಾಯಲ್ಲಿ ಆ ಮಾತು ಬರುವುದು ಅಪರೂಪ. ಕೆಳಗೆ ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ನಾಕೌಟ್. ಎದ್ದು ನಿಂತಿದ್ದರೂ ಇನ್ನು ಆಗದು ಎಂದು ಬೇರೆಯವರು ನಿಲ್ಲಿಸಿದರೆ ಟೆಕ್ನಿಕಲ್ ನಾಕೌಟ್. ಮುದಿ ಚಾಂಪಿಯನ್ನರು ಹೆಚ್ಚಾಗಿ ಎರಡನೆಯದರಲ್ಲಿ ಸೋಲುತ್ತಾರೆ. ಬೀಳದಿರುವ ಹಟ ಮೈಯಲ್ಲಿ ಕೊನೆಯವರೆಗೂ ಉಳಿದಿರುತ್ತದಲ್ಲ.

ಅಲಿ-ಹೋಮ್ಸ್ ಪಂದ್ಯ ನಿಗದಿಯಾಗಿದ್ದದ್ದು ಹದಿನೈದು ಸುತ್ತಿಗೆ. ಎರಡು ವರ್ಷಗಳ ಬಳಿಕ, 1982ರ ನವೆಂಬರಿನಲ್ಲಿ, ಅದೇ ಸೀಸರ್ಸ್ ಪ್ಯಾಲೇಸಿನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೆಯ ಸುತ್ತಿನವರೆಗೆ ಹೋರಾಡಿದ ಕೊರಿಯಾದ ಕಿಮ್ ದುಕ್-ಕೂ ಪ್ರಜ್ಞೆ ತಪ್ಪಿ, ಕೆಲವು ದಿನಗಳಲ್ಲಿ ತೀರಿಹೋದ. ರೆಫರಿಯೂ ಅಲಿಯ ಪಂದ್ಯದಲ್ಲಿದ್ದ ರಿಚರ್ಡ್ ಗ್ರೀನ್‌ನೇ. ಆಮೇಲೆ ಡಬ್ಲ್ಯೂಬಿಸಿ ತನ್ನ ಪಟ್ಟದ ಕಾಳಗಗಳನ್ನು ಹನ್ನೆರಡು ಸುತ್ತಿಗೆ ಇಳಿಸಿತು, ಮುಂದಿನ ವರ್ಷಗಳಲ್ಲಿ ಉಳಿದವೂ ಹಿಂಬಾಲಿಸಿದವು.

ನಮ್ಮಲ್ಲಿ: ಮೇರಿ ಕೋಮ್, ನಿಖತ್ ಜರೀನ್

ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್ ಬಾಕ್ಸಿಂಗ್ ಬೇರೆ ಬಗೆಯದು. ಅಲ್ಲಿ ಪಟ್ಟ ಯಾರ ಸೊತ್ತೂ ಅಲ್ಲ; ಟೂರ್ನಿ ಮುಗಿದರೆ ಮುಗಿಯಿತು, ಮುಂದಿನದಕ್ಕೆ ಮೊದಲಿಂದ ಶುರು. ಸುತ್ತು ಮೂರೇ. ದೇಶಕ್ಕೆ ಒಂದು ತೂಕದಲ್ಲಿ ಒಂದೇ ಜಾಗ. ಹಾಗಾಗಿ ಹಳಬರು ಹೊಸಬರು ಮುಖಾಮುಖಿಯಾಗುವುದು ಆಯ್ಕೆ ಟ್ರಯಲ್ಸ್‌ನಲ್ಲಿ.

ಆರು ಬಾರಿ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಅವರನ್ನು 2019ರ ವಿಶ್ವ ಚಾಂಪಿಯನ್‌ಷಿಪ್‌ಗೆ ಟ್ರಯಲ್ಸ್ ಇಲ್ಲದೆಯೇ ಆರಿಸಿದ್ದರು. ಒಲಿಂಪಿಕ್ ಅರ್ಹತಾ ಟೂರ್ನಿಗೂ ಹಾಗೇ ಆಗಬಹುದೆಂಬ ಆತಂಕದಲ್ಲಿ ನಿಜಾಮಾಬಾದಿನ 23 ವರ್ಷದ ನಿಖತ್ ಜರೀನ್, ನ್ಯಾಯವಾದ ಟ್ರಯಲ್ಸ್ ಬೇಕೆಂದು ಕ್ರೀಡಾ ಸಚಿವರಿಗೇ ಪತ್ರ ಬರೆದರು. ಡಿಸೆಂಬರ್ 28ರಂದು ದೆಹಲಿಯಲ್ಲಿ ಪಂದ್ಯ ನಡೆಯಿತು. ಮೇರಿ 9-1ರಿಂದ ಗೆದ್ದರು, ಕೈ ಕುಲುಕದೆ ಹೊರನಡೆದರು. ಇಲ್ಲಿ ಹಳಬರೇ ಗೆದ್ದರು, ಸ್ಪಷ್ಟವಾಗಿ ಗೆದ್ದರು. ಆದರೆ ಕಾಲ ಎರಡೂವರೆ ವರ್ಷವೂ ಕಾಯಲಿಲ್ಲ. 2022ರ ಮೇ 19ರಂದು ಇಸ್ತಾಂಬುಲಿನಲ್ಲಿ ನಿಖತ್ ವಿಶ್ವ ಚಾಂಪಿಯನ್ ಆದರು. ಮರುತಿಂಗಳು ಕಾಮನ್‌ವೆಲ್ತ್ ಟ್ರಯಲ್ಸ್‌ನ ಮೊದಲ ಸುತ್ತಿನಲ್ಲೇ ಮೊಣಕಾಲು ಹೊರಳಿ ಮೇರಿ ಕುಂಟುತ್ತ ರಿಂಗ್ ಬಿಟ್ಟರು. ಎದುರಿಗಿದ್ದ ಹರಿಯಾಣದ ನೀತು ಆ ಕೂಟದಲ್ಲಿ ಚಿನ್ನ ತಂದರು.

ಈ ಬಗೆಯ ಬಾಕ್ಸಿಂಗಿನಲ್ಲಿ 40 ದಾಟಿದವರಿಗೆ ಪ್ರವೇಶವೇ ಇಲ್ಲ. ಮೇರಿ ಅವರಿಗೆ ನಿಯಮವೇ ಗೆರೆ ಎಳೆಯಿತು. ವೃತ್ತಿಪರ ರಿಂಗಿನಲ್ಲಿ ಅಂಥ ಗೆರೆ ಇಲ್ಲ. ಆಯಾ ರಾಜ್ಯದ ಆಯೋಗ ಪರವಾನಗಿ ಕೊಟ್ಟರೆ 58ರಲ್ಲೂ ಇಳಿಯಬಹುದು.

ಹೋಮ್ಸ್‌ನ ಸರದಿ

ಅಲಿಯನ್ನು ಸೋಲಿಸಿದ ಹೋಮ್ಸ್‌ಗೆ ಆ ಗೆಲುವಿನಿಂದ ಪ್ರೀತಿ ಸಿಗಲಿಲ್ಲ. 1985ರಲ್ಲಿ ಇನ್ನೊಂದು ಪಂದ್ಯ ಗೆದ್ದಿದ್ದರೆ ಮಾರ್ಸಿಯಾನೊನ 49 ಗೆಲುವು, ಸೊನ್ನೆ ಸೋಲಿನ ದಾಖಲೆಗೆ ಸಮನಾಗುತ್ತಿದ್ದ. ಲಿಯಾನ್‌ನ ತಮ್ಮ ಮೈಕಲ್ ಸ್ಪಿಂಕ್ಸ್‌ಗೆ ಅಂಕಗಳಲ್ಲಿ ಸೋತ. ಮರುವರ್ಷ ಮತ್ತೆ ಸೋತು ನಿವೃತ್ತನಾದ.

ಅದೇ 1986ರ ನವೆಂಬರಿನಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದ. ಅವನು ಕೆಡವಿದ್ದು ಅಲಿಯನ್ನು ಕೊನೆಯದಾಗಿ ಸೋಲಿಸಿದ ಬರ್ಬಿಕ್‌ನನ್ನೇ. ಹುಡುಗ ಮೈಕ್ ಟೈಸನ್. 1980ರ ಆ ರಾತ್ರಿ ಹದಿನಾಲ್ಕು ವರ್ಷದವನಾಗಿ ಅಲಿ ಏಟು ತಿನ್ನುವುದನ್ನು ಪರದೆಯ ಮೇಲೆ ನೋಡಿದ್ದಾಗಿಯೂ, ದೊಡ್ಡವನಾದ ಮೇಲೆ ಹೋಮ್ಸ್‌ನನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಅಲಿಗೇ ಹೇಳಿದ್ದಾಗಿಯೂ ಟೈಸನ್ ಮುಂದೆ ಹೇಳಿಕೊಂಡಿದ್ದಾನೆ.

ಮಿಲಿಯನ್‌ಗಟ್ಟಲೆ ಡಾಲರಿನ ಕರೆ ಈಗ ಹೋಮ್ಸ್‌ಗೆ ಬಂತು. 1988ರ ಜನವರಿ 22, ಅಟ್ಲಾಂಟಿಕ್ ಸಿಟಿ. ಹೋಮ್ಸ್‌ಗೆ 38, ಅಂದು ಅಲಿಗಿದ್ದಷ್ಟೇ ವಯಸ್ಸು. ಟೈಸನ್‌ಗೆ 21. ಅಲಿ ರಿಂಗಿನ ಪಕ್ಕದಲ್ಲೇ ಇದ್ದ. ನಾಲ್ಕನೆಯ ಸುತ್ತಿನಲ್ಲಿ ಮೂರು ಸಲ ಬಿದ್ದ ಹೋಮ್ಸ್, ಮೂರನೆಯ ಸಲ ಏಳಲಿಲ್ಲ.

ಈ ಕಥೆಯಲ್ಲಿ ದುಡ್ಡಿನ ಲೆಕ್ಕ ಹೊಂದದಿರುವುದು ಹೋಮ್ಸ್ ಒಬ್ಬನಿಗೆ. ಲೂಯಿಸ್‌ನ ಹಾಗೆ ಅವನು ಸಾಲಗಾರನಾಗಿರಲಿಲ್ಲ. ಗಳಿಸಿದ್ದನ್ನು ಈಸ್ಟನ್ನಿನಲ್ಲಿ ಕಟ್ಟಡ, ವ್ಯಾಪಾರಗಳಲ್ಲಿ ತೊಡಗಿಸಿದ ಜಾಣ; ಊರಿನ ಒಂದು ರಸ್ತೆಗೆ ಅವನ ಹೆಸರೇ ಇದೆ. ಅಲಿಗೆ ಏನಾಯಿತು ಎಂಬುದನ್ನು ಅವನಷ್ಟು ಹತ್ತಿರದಿಂದ ಕಂಡವರಿಲ್ಲ. ಆದರೂ 1992ರಲ್ಲಿ, 42ರ ವಯಸ್ಸಿನಲ್ಲಿ, ಇವಾಂಡರ್ ಹೋಲಿಫೀಲ್ಡ್ ಬಳಿ ಪಟ್ಟ ಕೇಳಿಕೊಂಡು ಹೋಗಿ ಹನ್ನೆರಡು ಸುತ್ತು ನಿಂತು ಸೋತ. 45ರಲ್ಲಿ ಆಲಿವರ್ ಮೆಕಾಲ್ ಎದುರು ಇನ್ನೊಮ್ಮೆ ಕೇಳಿದ, ಅದೂ ಕೈತಪ್ಪಿತು. ಅವನ ಕೊನೆಯ ಪಂದ್ಯ ನಡೆದದ್ದು 2002ರ ಜುಲೈಯಲ್ಲಿ. ಎದುರಾಳಿ ‘ಬಟರ್‌ಬೀನ್’ ಎಂಬ ಅಡ್ಡಹೆಸರಿನ ದಡೂತಿ. ಹೋಮ್ಸ್‌ಗೆ ಆಗ 52. ಹತ್ತು ಸುತ್ತು ಪೂರ್ತಿ ನಿಂತ, ಜ್ಯಾಬ್ ಇನ್ನೂ ಚೆನ್ನಾಗಿತ್ತು, ಗೆದ್ದ.